ನಮ್ಮ ಬಾನುಲಿ ನಮ್ಮ ಗದ್ದೆಯ ಮಾತಾಡಲಿ



ಅಮೆರಿಕದಲ್ಲಿ 1996ರ ಕಾಯಿದೆಯು ರೇಡಿಯೋ ಒಡೆತನದ ಮಿತಿಯನ್ನು ಸಡಿಲಿಸಿತು. ಮುಂದೆ ಒಂದೇ ಕಂಪೆನಿ ಸಾವಿರಕ್ಕೂ ಹೆಚ್ಚು ಕೇಂದ್ರಗಳನ್ನು ಕೊಂಡಿತು. ಅನೇಕ ಊರುಗಳಲ್ಲಿ ಸ್ಥಳೀಯರ ದನಿಯ ಬದಲು ದೂರದಲ್ಲಿ ಮುದ್ರಿಸಿದ ದನಿ ಕೇಳತೊಡಗಿತು.

ಕಾರವಾರ ಆಕಾಶವಾಣಿ ಪ್ರಸಾರ ಭಾರತಿಯದು, ಕಂಪೆನಿಯದಲ್ಲ. ಆದರೂ ಖರ್ಚು ಉಳಿಸಲೆಂದು ಬೇರೆಡೆಯ ಕಾರ್ಯಕ್ರಮಗಳ ಮರುಪ್ರಸಾರವೇ ಹೆಚ್ಚಿದರೆ ನಮಗಾಗುವ ನಷ್ಟ ಅದೇ. ಗಜನಿ ಗದ್ದೆಗೆ ಉಪ್ಪುನೀರು ನುಗ್ಗಿದರೆ ಏನು ಮಾಡಬೇಕು, ಅಂಕೋಲೆಯ ಕರಿ ಇಶಾಡ ಮಾವಿಗೆ ಯಾವ ಆರೈಕೆ ಬೇಕು ಎಂಬುದನ್ನು ರಾಜಧಾನಿಯ ದನಿ ಹೇಳಲಾರದು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ಈ ತಾಲೂಕಿಗೆ ಮಳೆಯ ಎಚ್ಚರಿಕೆ ಊರು, ಹೊಳೆಗಳ ಹೆಸರು ಹಿಡಿದೇ ಬರಬೇಕು.

ಹಾಡು ಎಲ್ಲಿಂದಲಾದರೂ ಬರಲಿ, ಕೃಷಿ ಸಲಹೆ ಇಲ್ಲಿಂದಲೇ ಬರಲಿ. ನಿಮ್ಮ ಬೆಳೆಯ ಪ್ರಶ್ನೆಗಳನ್ನು ಬರೆದು ಕೇಂದ್ರಕ್ಕೆ ಕಳುಹಿಸಿರಿ. ಕೇಳುವವರಿದ್ದಾರೆಂದು ತಿಳಿದರೆ ಮಾತ್ರ ಆ ವೇಳೆ ನಮಗೆ ಉಳಿದೀತು.