ಚೀಟಿಯಿಲ್ಲದ ಕೆಲಸ, ಲೆಕ್ಕಕ್ಕೆ ಬಾರದ ನಷ್ಟ

ತಕ್ಕಡಿಗೆ ಮುದ್ರೆ ಇದೆ, ಪೊಟ್ಟಣದ ಮೇಲೆ ಬೆಲೆ ಇದೆ. ರಿಪೇರಿಗೆ, ಹೊಲಿಗೆಗೆ, ಒಗೆತಕ್ಕೆ ಮಾತ್ರ ಬರಹದ ಕರಾರಿಲ್ಲ

ಬಡಾವಣೆಯ ಅಂಗಡಿಗೂ ಗಿರಾಕಿಗೂ ನಡುವಿನ ವ್ಯವಹಾರ ಮೂರು ಬಗೆಯದು. ಅಕ್ಕಿ, ಬೇಳೆ, ತರಕಾರಿ, ಹೂವನ್ನು ತೂಗಿ ಇಲ್ಲವೇ ಅಳೆದು ಕೊಡುವುದು ಒಂದು. ಸೋಪು, ಬಿಸ್ಕತ್ತು, ಹಾಲಿನಂತಹ ಪೊಟ್ಟಣದ ಸರಕನ್ನು ಮಾರುವುದು ಇನ್ನೊಂದು. ಮಿಕ್ಸಿ ರಿಪೇರಿ, ಬೈಕ್ ಸರ್ವಿಸ್, ಹೊಲಿಗೆ, ಡ್ರೈ ಕ್ಲೀನಿಂಗ್, ನಲ್ಲಿ ಕೆಲಸ, ವೈರಿಂಗ್ ಹೀಗೆ ಕೈಕೆಲಸವನ್ನೇ ಮಾರುವುದು ಮೂರನೆಯದು. ಮೊದಲ ಎರಡರಲ್ಲಿ ಗ್ರಾಹಕರ ಕಣ್ಣಿಗೆ ಕಾಣುವಂತಹ ಗುರುತುಗಳನ್ನು ಕಾನೂನು ಕೊಟ್ಟಿದೆ. ಮೂರನೆಯದಕ್ಕೆ ಕಾನೂನಿದ್ದರೂ ಗುರುತಿಲ್ಲ. ಮನಸ್ತಾಪಕ್ಕೆ ಎಡೆ ಹೆಚ್ಚಿರುವುದು ಅಲ್ಲಿ. ಪರಿಹಾರ ಕಾಣದೆ ಗ್ರಾಹಕರು ಸುಮ್ಮನಾಗುವುದೂ ಅಲ್ಲಿಯೇ.

ಅಳತೆಯ ವ್ಯಾಪಾರಕ್ಕೆ ಕನ್ನಡ ನಾಡಿನಲ್ಲಿ ತನ್ನದೇ ನಡಾವಳಿ ಇದೆ. ಕಣದಲ್ಲಿ ಕಾಳು ಅಳೆಯುವವರು ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವುದುಂಟು. ಅಳತೆ ಮುಗಿದ ಮೇಲೆ ಹಿಡಿಯಷ್ಟು ಹೆಚ್ಚಿಗೆ ಹಾಕುವುದು ಕೊಸರು. ಹೂವು ಮಾರುವವರ ಮೊಳ ಅವರವರ ಕೈಯಷ್ಟೇ ಉದ್ದ. ಆ ಹೆಚ್ಚುಕಡಿಮೆಯನ್ನು ಕೊಸರು ಸರಿದೂಗಿಸುತ್ತದೆ. ಸೇರು, ಪಾವು, ಚಟಾಕುಗಳ ಬಳಕೆಯಿದ್ದ ಮಾರುಕಟ್ಟೆಗೆ 1956ರ ಕಾಯ್ದೆ ಮೆಟ್ರಿಕ್ ಅಳತೆಯನ್ನು ತಂದಿತು. ಈಗ ಜಾರಿಯಲ್ಲಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ಅದು 2011ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ ನಿಯಮಗಳ ಪ್ರಕಾರ ತೂಕದ ಬಟ್ಟು, ಲೀಟರ್ ಮಾಪು, ಮೀಟರ್ ಕೋಲುಗಳನ್ನು 24 ತಿಂಗಳಿಗೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಯನ್ನು 12 ತಿಂಗಳಿಗೊಮ್ಮೆ ಇಲಾಖೆಯ ಪರಿಶೀಲನೆಗೆ ಒಪ್ಪಿಸಿ ಮುದ್ರೆ ಹಾಕಿಸಬೇಕು. ಪರಿಶೀಲನೆಯ ಪ್ರಮಾಣಪತ್ರ ಅಂಗಡಿಯಲ್ಲಿ ಎದ್ದು ಕಾಣುವಂತಿರಬೇಕು.

ಆಟೊದ ಮೀಟರ್, ಪೆಟ್ರೋಲ್ ಬಂಕಿನ ಪಂಪ್ ಕೂಡ ಇದೇ ಕಾಯ್ದೆಯ ಕಣ್ಣಲ್ಲಿ ಅಳತೆಯ ಸಾಧನಗಳೇ. ಬಂಕಿನಲ್ಲಿ 5 ಲೀಟರಿನ ಮುದ್ರೆ ಹಾಕಿದ ಮಾಪು ಇರುತ್ತದೆ. ಸಂಶಯ ಬಂದವರು ಅದರಲ್ಲಿ ಅಳೆದು ತೋರಿಸುವಂತೆ ಕೇಳಬಹುದು. ಮನೆಬಳಕೆಯ ಅಡುಗೆ ಅನಿಲದ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲ ಇರಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುವುದರಿಂದ, ಬಾಗಿಲಲ್ಲೇ ತೂಗಿಸಿದರೆ ಕೂಡಿ ಕಳೆಯುವಷ್ಟರಲ್ಲಿ ನಿಜ ತಿಳಿಯುತ್ತದೆ. ಕೇಳುವವರು ಕಡಿಮೆ ಎಂಬುದು ಬೇರೆ ಮಾತು; ಕೇಳಿದರೆ ತೋರಿಸಲು ಸಾಧನವಂತೂ ಇದೆ.

ಪೊಟ್ಟಣದ ಸರಕಿನಲ್ಲಿ ಗುರುತು ಇನ್ನೂ ಸ್ಪಷ್ಟ. ತಯಾರಿಸಿದವರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಅದರ ಮೇಲೆ ಅಚ್ಚಾಗಿರಬೇಕು ಎನ್ನುತ್ತವೆ 2011ರ ಪೊಟ್ಟಣ ಸರಕುಗಳ ನಿಯಮಗಳು. ಆ ಬೆಲೆಯನ್ನು ಮೀರಿ ಚಿಲ್ಲರೆ ಅಂಗಡಿಯವರು ಮಾರುವಂತಿಲ್ಲ. ಹಾಲಿನ ಪೊಟ್ಟಣಕ್ಕೆ, ತಂಪು ನೀರಿನ ಬಾಟಲಿಗೆ ‘ಫ್ರಿಜ್‌ನಲ್ಲಿ ಇಟ್ಟಿದ್ದಕ್ಕೆ’ ಎಂದು ಒಂದೆರಡು ರೂಪಾಯಿ ಹೆಚ್ಚು ಕೇಳುವುದು ಈ ನಿಯಮಕ್ಕೆ ವಿರುದ್ಧ. ಕೂತು ಉಣ್ಣುವ ಹೋಟೆಲಿನ ವಿಚಾರ ಬೇರೆ. ಅಲ್ಲಿ ನೀರಿನ ಜೊತೆಗೆ ಜಾಗ, ಉಪಚಾರವೂ ಸೇರಿರುವುದರಿಂದ ಗರಿಷ್ಠ ಬೆಲೆಗಿಂತ ಹೆಚ್ಚು ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದೆ. ಆದರೆ ಊಟದ ಬಿಲ್ಲಿಗೆ ಸೇವಾ ಶುಲ್ಕವನ್ನು ತಾನಾಗಿ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಗರಿಷ್ಠ ಬೆಲೆ, ಸೇವಾ ಶುಲ್ಕ ಎರಡರಲ್ಲೂ ಗ್ರಾಹಕರ ಕೈಯಲ್ಲಿ ಬರಹವಿದೆ. ಅದನ್ನು ಓದಿ ತೋರಿಸಿ ವಾದಿಸಬಹುದು.

ಗುರುತು ಗಟ್ಟಿಯಾದಾಗ ಏನಾಗುತ್ತದೆ ಎಂಬುದಕ್ಕೆ ಚಿನ್ನದ ಅಂಗಡಿ ಒಳ್ಳೆಯ ಉದಾಹರಣೆ. ಒಡವೆಯ ಶುದ್ಧತೆ ಬರಿಗಣ್ಣಿಗೆ ತಿಳಿಯುವಂಥದ್ದಲ್ಲ. ಬಹುಕಾಲ ಅದು ಅಕ್ಕಸಾಲಿಗರ ಮಾತಿನ ಮೇಲೆ ನಿಂತಿತ್ತು. 2021ರ ಜೂನ್‌ನಿಂದ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಈ ಕಡ್ಡಾಯ ನಿಯಮಕ್ಕೆ ಒಳಪಟ್ಟ ಒಡವೆಗಳಲ್ಲಿ ಆರು ಅಕ್ಷರ–ಅಂಕಿಗಳ ಗುರುತಿನ ಸಂಖ್ಯೆ ಇಲ್ಲದವನ್ನು 2023ರ ಏಪ್ರಿಲ್ 1ರಿಂದ ಮಾರುವಂತಿಲ್ಲ. ಆ ಸಂಖ್ಯೆಯನ್ನು ಮೊಬೈಲಿನಲ್ಲೇ ತಾಳೆ ನೋಡಬಹುದು. ತಲೆಮಾರುಗಳ ನಂಬಿಕೆಯ ವ್ಯಾಪಾರಕ್ಕೆ ಇದರಿಂದ ಕುಂದುಂಟಾಗಲಿಲ್ಲ. ನಂಬಿಕೆಯ ಬೆನ್ನಿಗೆ ಒಂದು ಸಾಕ್ಷಿ ನಿಂತಿತು.

ಕೈಕೆಲಸದ ಮಾರುಕಟ್ಟೆಯಲ್ಲಿ ಇಂತಹ ಸಾಕ್ಷಿ ಇಲ್ಲ. ಕೆಟ್ಟ ಮಿಕ್ಸಿಯನ್ನು ಅಂಗಡಿಯಲ್ಲಿ ಇಟ್ಟು ಬರುವ ಗ್ರಾಹಕರಿಗೆ ಏನು ಕೆಟ್ಟಿದೆ ಎಂಬುದು ತಿಳಿಯದು. ವೈಂಡಿಂಗ್ ಸುಟ್ಟಿದೆ ಎಂದರೆ ಸುಟ್ಟಿದೆ, ಬೇರಿಂಗ್ ಹೋಗಿದೆ ಎಂದರೆ ಹೋಗಿದೆ. ಹೊಸ ಬಿಡಿಭಾಗ ಹಾಕಿದರೇ, ಹಳೆಯದನ್ನೇ ಒರೆಸಿ ಕೂಡಿಸಿದರೇ, ಹಾಕಿದ್ದು ಕಂಪನಿಯದೇ ಅಥವಾ ನಕಲಿಯೇ ಎಂಬುದು ಯಂತ್ರ ಮತ್ತೆ ಕೈಕೊಡುವವರೆಗೆ ಗೊತ್ತಾಗುವುದಿಲ್ಲ. ಬೈಕಿನ ಗ್ಯಾರೇಜಿನಲ್ಲೂ ಇದೇ ಕಥೆ. ಆಯಿಲ್ ಬದಲಿಸಲು ಬಿಟ್ಟ ಗಾಡಿಗೆ ಸಂಜೆ ಹೊತ್ತಿಗೆ ಬ್ರೇಕ್ ಶೂ, ಕೇಬಲ್, ಚೈನ್ ಸ್ಪ್ರಾಕೆಟ್ ಸೇರಿ ಬಾಯಿಲೆಕ್ಕ ಮೂರು ಪಟ್ಟಾಗಿರುತ್ತದೆ. ಬೇಡ ಎನ್ನುವ ಹೊತ್ತು ಆಗಲೇ ಮೀರಿರುತ್ತದೆ. ದರ್ಜಿಯ ಅಂಗಡಿಯಲ್ಲಿ ಕೆಡುವುದು ಹೆಚ್ಚಾಗಿ ದಿನದ ಲೆಕ್ಕ. ಮದುವೆಗೆಂದು ಕೊಟ್ಟ ರವಿಕೆ ಮದುವೆಯ ಮುನ್ನಾದಿನ ಸಿಕ್ಕರೆ, ಅಳತೆ ತಪ್ಪಿದ್ದರೂ ತಿದ್ದಿಸಲು ಸಮಯವಿರುವುದಿಲ್ಲ. ಡ್ರೈ ಕ್ಲೀನಿಂಗಿಗೆ ಕೊಟ್ಟ ರೇಷ್ಮೆ ಸೀರೆಯ ಬಣ್ಣ ಹಬ್ಬಿದರೆ ಆ ಕಲೆ ಮೊದಲೇ ಇತ್ತು ಎಂಬ ಉತ್ತರಕ್ಕೆ ಎದುರಾಡಲು ಆಧಾರವಿರುವುದಿಲ್ಲ.

ಈ ಜಗಳಗಳನ್ನು ಬಿಡಿಸಿ ನೋಡಿದರೆ ಉಳಿಯುವುದು ನಾಲ್ಕೇ ಪ್ರಶ್ನೆ: ಕೊಟ್ಟ ವಸ್ತು ಯಾವ ಸ್ಥಿತಿಯಲ್ಲಿತ್ತು, ಏನು ಮಾಡಲು ಹೇಳಿತ್ತು, ಎಷ್ಟಕ್ಕೆ ಒಪ್ಪಿಗೆಯಾಗಿತ್ತು, ಯಾವಾಗ ಕೊಡಬೇಕಿತ್ತು. ನಾಲ್ಕಕ್ಕೂ ಉತ್ತರ ಕೆಲಸ ಶುರುವಾಗುವ ಮೊದಲೇ ಇಬ್ಬರಿಗೂ ಗೊತ್ತಿರುತ್ತದೆ. ಬರೆದಿಡದ ಕಾರಣಕ್ಕೆ ಕೆಲಸ ಮುಗಿದ ಮೇಲೆ ಅವೇ ವಿವಾದವಾಗುತ್ತವೆ.

ಕಾನೂನು ಈ ವ್ಯವಹಾರವನ್ನು ಕೈಬಿಟ್ಟಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ತನ್ನ ವಶಕ್ಕೆ ಬಂದ ಇತರರ ವಸ್ತುವನ್ನು ಸಾಮಾನ್ಯ ವಿವೇಕವುಳ್ಳವರು ತಮ್ಮ ಸ್ವಂತದ್ದನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು. ದರ್ಜಿ, ಮೆಕ್ಯಾನಿಕ್, ಒಗೆತದ ಅಂಗಡಿ ಎಲ್ಲರೂ ಇದಕ್ಕೆ ಒಳಪಟ್ಟವರು. ಗ್ರಾಹಕ ಸಂರಕ್ಷಣಾ ಕಾಯ್ದೆ 1986ರಲ್ಲಿ ಬಂತು. ಅದರ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂತು. ಹಣ ಪಡೆದು ಮಾಡುವ ಸೇವೆಯಲ್ಲಿನ ನ್ಯೂನತೆ ಎರಡರಲ್ಲೂ ದೂರಿಗೆ ಅರ್ಹ. ಹೊಸ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಿಲ್ ಅಥವಾ ರಸೀದಿ ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿ ಎಂದು ಹೆಸರಿಸಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದೂ ಆ ಪಟ್ಟಿಯಲ್ಲಿದೆ. ‘ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಫಲಕ ದೋಷವಿರುವ ಸರಕಿನ ಮಟ್ಟಿಗೆ ಹಾಗಾಗಿ ನಿಲ್ಲುವುದಿಲ್ಲ. ಮಾರಿದವರ ಹೆಸರು, ವಿಳಾಸ, ಕ್ರಮಸಂಖ್ಯೆ, ದಿನಾಂಕ, ಸರಕು ಇಲ್ಲವೇ ಸೇವೆಯ ವಿವರ, ಸಹಿ ಇವೆಲ್ಲ ಬಿಲ್ಲಿನಲ್ಲಿರಬೇಕು ಎಂದು 2020ರ ನಿಯಮಗಳು ಹೇಳುತ್ತವೆ.

ಆದರೂ ಬಿಲ್ ಎಂದೊಡನೆ ಸಣ್ಣ ಅಂಗಡಿಯವರು ಹಿಂಜರಿಯುತ್ತಾರೆ. ಅದಕ್ಕೆ ಕಾರಣ ತೆರಿಗೆಯ ಭಯ. 2025ರ ಜುಲೈನಲ್ಲಿ ಯುಪಿಐ ಜಮೆಯ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಅನೇಕ ಅಂಗಡಿಗಳ ಕ್ಯೂಆರ್ ಕೋಡ್ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿಗಳು ಅಂಟಿಕೊಂಡವು. ಬಿಲ್ ಕೊಡುವುದು ಬೇರೆ, ತೆರಿಗೆ ನೋಂದಣಿ ಬೇರೆ ಎಂಬ ತಿಳಿವಳಿಕೆಯನ್ನು ವ್ಯಾಪಾರಿಗಳಿಗೆ ಮುಟ್ಟಿಸುವ ಕೆಲಸ ಸಾಕಷ್ಟು ನಡೆದಿಲ್ಲ. ವರ್ಷದ ವಹಿವಾಟು ಸೇವೆಯಲ್ಲಿ ₹20 ಲಕ್ಷ, ಸರಕಿನಲ್ಲಿ ₹40 ಲಕ್ಷ ದಾಟದವರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಅವರು ತೆರಿಗೆಯಿಲ್ಲದ ಸಾದಾ ಬಿಲ್ ಬರೆಯಬಹುದು. ನೋಂದಣಿ ಆದವರು ₹200ಕ್ಕಿಂತ ಕಡಿಮೆ ಮೊತ್ತಕ್ಕೆ ತೆರಿಗೆ ಬಿಲ್ ಕೊಡದಿದ್ದರೂ ನಡೆಯುತ್ತದೆ, ಆದರೆ ಗ್ರಾಹಕರು ಕೇಳಿದರೆ ಕೊಡಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವ ಅಂಗಡಿ ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಇವು ಎರಡೂ ಕಡೆಯವರಿಗೆ ಗೊತ್ತಿದ್ದರೆ ಬಿಲ್ಲಿನ ಸುತ್ತಲಿನ ಅಂಜಿಕೆ ಅರ್ಧದಷ್ಟು ಕರಗುತ್ತದೆ.

ಯುಪಿಐ ಬಂದ ಮೇಲೆ ರಸೀದಿ ಬೇಕಿಲ್ಲ ಎಂಬ ಭಾವನೆಯೂ ಹರಡಿದೆ. ಮೊಬೈಲಿನ ಸಂದೇಶ ಹಣ ಹೋದದ್ದಕ್ಕೆ ಸಾಕ್ಷಿ; ಯಾವ ಕೆಲಸಕ್ಕೆ ಹೋಯಿತು ಎಂಬುದಕ್ಕಲ್ಲ. ಇನ್ನು ಕೊಟ್ಟ ಚೀಟಿಯ ಭಾಷೆಯ ಪ್ರಶ್ನೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಎಂದು 2024ರ ತಿದ್ದುಪಡಿ ವಿಧಿಸಿದೆ. ಬಾಗಿಲ ಮೇಲೆ ಕನ್ನಡ ಬಂದರೂ ಒಳಗೆ ಕೊಡುವ ಚೀಟಿಯ ಬೆನ್ನಿಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಷರತ್ತುಗಳಿರುತ್ತವೆ. ಬಟ್ಟೆ ಹಾಳಾದರೆ ಒಗೆತದ ಕೂಲಿಯ ಇಂತಿಷ್ಟು ಪಟ್ಟು ಮಾತ್ರ ಪರಿಹಾರ ಎಂಬ ಷರತ್ತು ಅಂಥದ್ದು. ಇಂತಹ ಷರತ್ತನ್ನು ಅನ್ಯಾಯದ ಕರಾರು ಎಂದು ಪ್ರಶ್ನಿಸಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಆದರೆ ಆ ಅಧಿಕಾರವನ್ನು ಜಿಲ್ಲಾ ಆಯೋಗಕ್ಕೆ ಕೊಡದೆ ರಾಜ್ಯ ಆಯೋಗದಿಂದ ಮೇಲಕ್ಕೆ ಇಟ್ಟಿದೆ. ಬೀದರ್‌ನ ಗ್ರಾಹಕರು ಒಂದು ಸೀರೆಯ ಷರತ್ತನ್ನು ಪ್ರಶ್ನಿಸಲು ರಾಜ್ಯ ಆಯೋಗದ ಮೆಟ್ಟಿಲೇರಬೇಕು. ಕಾಯ್ದೆಯ ಈ ಕೊರತೆ ತಿದ್ದಬೇಕಾದದ್ದು.

ಉಳಿದ ದೂರುಗಳಿಗೆ ದಾರಿ ತಕ್ಕಮಟ್ಟಿಗೆ ಸುಲಭವಾಗಿದೆ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಜಿಲ್ಲಾ ಆಯೋಗದಲ್ಲಿ ₹5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಗ್ರಾಹಕರು ತಾವು ವಾಸಿಸುವ ಇಲ್ಲವೇ ದುಡಿಯುವ ಜಿಲ್ಲೆಯಲ್ಲೇ, ಆನ್‌ಲೈನ್ ಮೂಲಕವೂ ದೂರು ಕೊಡಬಹುದು. ಘಟನೆ ನಡೆದ ಎರಡು ವರ್ಷಗಳೊಳಗೆ ಕೊಡಬೇಕು. ಸರಕಿನ ಪರೀಕ್ಷೆ ಬೇಕಿಲ್ಲದ ದೂರನ್ನು ಎದುರು ಪಕ್ಷಕ್ಕೆ ನೋಟಿಸ್ ತಲುಪಿದ ಮೂರು ತಿಂಗಳಲ್ಲಿ ಮುಗಿಸುವ ಪ್ರಯತ್ನ ಮಾಡಬೇಕು ಎಂಬುದು ಕಾಯ್ದೆಯ ಆಶಯ.

ಇಷ್ಟಿದ್ದೂ ₹400ರ ರಿಪೇರಿಗೆ ಯಾರೂ ಆಯೋಗಕ್ಕೆ ಹೋಗುವುದಿಲ್ಲ. ಒಂದು ದಿನದ ಕೂಲಿ ಅದಕ್ಕಿಂತ ದೊಡ್ಡದು. ನಾಳೆ ಬೆಳಿಗ್ಗೆ ಅದೇ ಬೀದಿಯಲ್ಲಿ ಮುಖ ನೋಡಬೇಕೆಂಬ ದಾಕ್ಷಿಣ್ಯ ಇನ್ನೂ ದೊಡ್ಡದು. ಬೋಣಿಯ ಹೊತ್ತಿನಲ್ಲಿ, ದೀಪ ಹಚ್ಚುವ ಹೊತ್ತಿನಲ್ಲಿ ಕೊಂಡದ್ದನ್ನು ಹಿಂದಿರುಗಿಸಲು ಹೋಗಬಾರದು ಎಂದು ಕಾಯುವ ಸಮಾಜ ಇದು. ತಿಂಗಳ ಕೊನೆಯಲ್ಲಿ ಉದ್ರಿ ಕೊಟ್ಟವರ ಮೇಲೆ ದೂರುವುದು ಬಡ ಕುಟುಂಬಕ್ಕೆ ಆಗದ ಮಾತು. ಹಾಗಾಗಿ ನೆರೆಯ ಅಂಗಡಿಯ ಮಟ್ಟಿಗೆ, ಜಗಳ ನಡೆದ ಮೇಲೆ ಸಿಗುವ ಪರಿಹಾರಕ್ಕಿಂತ ಜಗಳವೇ ಹುಟ್ಟದಂತಹ ಏರ್ಪಾಡು ಮುಖ್ಯ.

ಆ ಏರ್ಪಾಡು ದುಬಾರಿಯದಲ್ಲ. ಅರ್ಧ ಹಾಳೆಯ ಕನ್ನಡ ಚೀಟಿಯೊಂದರಲ್ಲಿ ಐದು ಸಾಲು ಸಾಕು: ವಸ್ತು ಮತ್ತು ಅದರ ಸ್ಥಿತಿ, ಮಾಡಬೇಕಾದ ಕೆಲಸ, ಅಂದಾಜು ಖರ್ಚು, ಕೊಡುವ ದಿನ, ಮೊದಲೇ ಪಡೆದ ಹಣ. ಖರ್ಚು ಅಂದಾಜನ್ನು ಮೀರುವಂತಿದ್ದರೆ ಕೆಲಸ ಮುಂದುವರಿಸುವ ಮೊದಲು ಫೋನ್ ಮಾಡಿ ಕೇಳುವುದು, ಬದಲಿಸಿದ ಹಳೆಯ ಬಿಡಿಭಾಗವನ್ನು ಗ್ರಾಹಕರಿಗೆ ಹಿಂದಿರುಗಿಸುವುದು ಅದರ ಕೆಳಗಿನ ಎರಡು ಷರತ್ತುಗಳು. ಬರೆಯಲು ಬಿಡುವಿಲ್ಲದವರು ವಸ್ತುವಿನ ಫೋಟೊ ತೆಗೆದು, ಒಪ್ಪಿದ ಮೊತ್ತದೊಂದಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೂ ಆಯಿತು. ಪದೇ ಪದೇ ಬರುವ ಕೆಲಸಗಳಿಗೆ ದರಪಟ್ಟಿ ತೂಗುಹಾಕಬಹುದು. 1959ರಲ್ಲಿ ಆರಂಭವಾದ ತೋಟಗಾರಿಕಾ ಬೆಳೆಗಾರರ ಸಹಕಾರ ಸಂಘ ಹಾಪ್‌ಕಾಮ್ಸ್‌ನ ಮಳಿಗೆಗಳಲ್ಲಿ ತರಕಾರಿಯ ದಿನದ ದರ ಬರೆದಿರುತ್ತದೆ. ಕೊಳ್ಳುವವರು ಅದನ್ನು ನೋಡಿಯೇ ಚೀಲ ಚಾಚುತ್ತಾರೆ. ಚೌಕಾಶಿಯ ಮಾತು ಬರುವುದಿಲ್ಲ. ಪಂಕ್ಚರ್ ಹಾಕುವುದು, ಜಿಪ್ ಬದಲಿಸುವುದು, ಫ್ಯಾನ್ ಕೂರಿಸುವುದು ಇಂತಹ ಕೆಲಸಗಳಿಗೂ ಹಾಗೆ ದರ ಬರೆಯಲು ಅಡ್ಡಿಯಿಲ್ಲ.

ಇದನ್ನು ರೂಢಿಗೆ ತರುವವರು ಯಾರು ಎಂಬುದು ಉಳಿದ ಪ್ರಶ್ನೆ. ನಗರಸಭೆ, ಪುರಸಭೆಗಳು ಅಂಗಡಿಗಳಿಗೆ ಉದ್ದಿಮೆ ಪರವಾನಗಿ ನೀಡುತ್ತವೆ. ಪರವಾನಗಿ ಪತ್ರದ ಜೊತೆಗೇ ಕನ್ನಡದ ಮಾದರಿ ಚೀಟಿಯನ್ನು ಹಂಚಿ, ದರಪಟ್ಟಿ ಹಾಕುವುದನ್ನು ಷರತ್ತಾಗಿ ಸೇರಿಸಬಹುದು. ದರ್ಜಿಗಳ, ಮೆಕ್ಯಾನಿಕ್‌ಗಳ ಸಂಘಗಳು ತಮ್ಮ ಸದಸ್ಯರಿಗೆ ಒಂದೇ ಬಗೆಯ ಚೀಟಿ ಪುಸ್ತಕ ಅಚ್ಚು ಹಾಕಿಸಿಕೊಡಬಹುದು. ಗ್ರಾಹಕರ ಪಾಲಿನ ಕೆಲಸವೂ ಇದೆ: ವಸ್ತುವನ್ನು ಒಪ್ಪಿಸುವಾಗಲೇ ಚೀಟಿ ಕೇಳುವುದು, ಅದನ್ನು ಕೆಲಸ ಮುಗಿಯುವವರೆಗೆ ಜೋಪಾನವಾಗಿ ಇಡುವುದು, ಹೇಳಿದ ದಿನಕ್ಕೆ ಹೋಗಿ ಹಣ ಕೊಟ್ಟು ಬಿಡಿಸಿಕೊಳ್ಳುವುದು.

ಚೀಟಿಯಿಂದ ಕೆಲಸಗಾರರಿಗೂ ನಷ್ಟವಿಲ್ಲ. ಕೂಲಿ ಕೈಸೇರುವವರೆಗೆ ರಿಪೇರಿ ಮಾಡಿದ ವಸ್ತುವನ್ನು ತಡೆಹಿಡಿಯುವ ಹಕ್ಕನ್ನು 1872ರ ಕಾಯ್ದೆಯೇ ಅವರಿಗೆ ಕೊಟ್ಟಿದೆ. ಒಪ್ಪಿದ ಮೊತ್ತ ಬರಹದಲ್ಲಿದ್ದರೆ ಆ ಹಕ್ಕು ಗಟ್ಟಿ. ಕಲೆ ಮೊದಲೇ ಇತ್ತು ಎಂದು ಚೀಟಿಯಲ್ಲಿದ್ದರೆ ಸುಳ್ಳು ಆರೋಪ ನಿಲ್ಲದು. ತಿಂಗಳುಗಟ್ಟಲೆ ಯಾರೂ ಬಿಡಿಸಿಕೊಳ್ಳದೆ ಕಪಾಟಿನಲ್ಲಿ ಉಳಿದ ಬಟ್ಟೆ, ರೇಡಿಯೊ, ಮಿಕ್ಸಿಗಳ ವಾರಸುದಾರರು ಯಾರೆಂಬುದೂ ಆ ಚೀಟಿಯಿಂದಲೇ ತಿಳಿಯುತ್ತದೆ. ಬದುಕಿಗಾಗಿ ಹೊಲಿಗೆ ಯಂತ್ರ ಕೊಂಡ ದರ್ಜಿಯೂ 2019ರ ಕಾಯ್ದೆಯ ಪ್ರಕಾರ ಗ್ರಾಹಕರೇ. ಯಂತ್ರ ಕೆಟ್ಟರೆ ಅವರ ಕೈಯಲ್ಲೂ ಮೊದಲು ಇರಬೇಕಾದದ್ದು ಅದನ್ನು ಕೊಂಡ ಬಿಲ್ಲು.