ಎಂ.ಬಿ.ಎ. ಎಂಬ ಮಾಯಾಮೃಗ

ಪದವಿ ಪರೀಕ್ಷೆಗಳ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಠಾಣೆಯಿಂದ ಕಲ್ಯಾಣದವರೆಗೆ, ವಾಶಿಯಿಂದ ಪನವೇಲದವರೆಗೆ ಯಾವ ನಿಲ್ದಾಣದಲ್ಲಿ ಇಳಿದರೂ ನಮ್ಮನ್ನು ಎದುರುಗೊಳ್ಳುವುದು ಕೋಟು ಟೈ ಧರಿಸಿ ನಗುತ್ತಿರುವ ಹುಡುಗ ಹುಡುಗಿಯರ ದೊಡ್ಡ ದೊಡ್ಡ ಫಲಕಗಳು. ಎರಡೇ ವರ್ಷ, ಆಮೇಲೆ ನೀವೇ ಮ್ಯಾನೇಜರ್ ಎಂಬ ಆಶ್ವಾಸನೆ ಅವುಗಳದ್ದು. ಆ ಫಲಕದ ಅಡಿಯಲ್ಲೇ ತರಕಾರಿ ಚೀಲ ಹಿಡಿದು ರಿಕ್ಷಾದ ಸಾಲಿನಲ್ಲಿ ನಿಂತಿರುವ ನಮ್ಮ ಬಾಂಧವರು ತಲೆಯೆತ್ತಿ ಅದನ್ನು ನೋಡುತ್ತಾರೆ. ಅವರ ಮನಸ್ಸಿನಲ್ಲಿ ಏನು ನಡೆಯುತ್ತಿರುತ್ತದೆಂದು ನಾವು ಬಲ್ಲೆವು. ನಾವೂ ಆ ಸಾಲಿನಲ್ಲಿ ನಿಂತವರೇ.

ಅದೇ ದಿನಗಳಲ್ಲಿ ಸಂಘದ ಕಚೇರಿಯಲ್ಲಿ ಪ್ರತಿವರ್ಷ ಒಂದೇ ದೃಶ್ಯ. ಪ್ಲಾಸ್ಟಿಕ್ ಫೈಲು ಹಿಡಿದ ಹಿರಿಯರೊಬ್ಬರು ಬಂದು ಕುಳಿತುಕೊಳ್ಳುತ್ತಾರೆ.

“ಹುಡುಗನಿಗೆ ಎಂ.ಬಿ.ಎ.ಗೆ ಸೀಟು ಸಿಕ್ಕಿತು ಮಾರಾಯ್ರೆ. ನಾಡಿದ್ದರ ಒಳಗೆ ಹಣ ಕಟ್ಟಬೇಕಂತೆ. ಸಂಘದಿಂದ ಏನಾದರೂ ಸಹಾಯ...”

“ಬಹಳ ಸಂತೋಷ. ಯಾವ ಕಾಲೇಜು?”

“ನವಿ ಮುಂಬಯಿಯದ್ದು. ಹೆಸರು ಮಗನಿಗೆ ಗೊತ್ತುಂಟು.”

“ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು? ಕೊಡುವುದು ಪದವಿಯೋ ಡಿಪ್ಲೊಮಾವೋ?”

ಇದಕ್ಕೆ ಉತ್ತರವಿಲ್ಲ. ಮಾರುಕಟ್ಟೆಯಲ್ಲಿ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡದೆ ಕೊಳ್ಳದವರು ನಾವು. ಮಗನ ಎರಡು ವರ್ಷದ ಆಯುಷ್ಯವನ್ನೂ ಊರಿನ ಗದ್ದೆಯ ಬೆಲೆಯನ್ನೂ ಮಾತ್ರ ಹೆಸರು ಕೇಳದೆ ಕೊಟ್ಟುಬಿಡುತ್ತೇವೆ!

ನಮಗೆ ಪರಿಚಯದ ಒಂದು ಮನೆಯ ಮಾತು. ಡೊಂಬಿವಲಿ ಪೂರ್ವದಲ್ಲಿ ವಾಸ. ಯಜಮಾನರು ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕ್ಯಾಂಟೀನು ನಡೆಸಿದವರು. ಮಗನನ್ನು ಎಂ.ಬಿ.ಎ. ಓದಿಸಲು ಕುಂದಾಪುರದ ಕಡೆಯ ಪಾಲಿನ ಗದ್ದೆ ಮಾರಿದರು, ಸಾಲದ್ದಕ್ಕೆ ಸಾಲ ತೆಗೆದರು. ಹುಡುಗ ಪಾಸಾದ. ಇಂದು ಅವನು ದಿನವಿಡೀ ಫೋನು ಹಿಡಿದು ಅಪರಿಚಿತರಿಗೆ ಕ್ರೆಡಿಟ್ ಕಾರ್ಡ್ ಮಾರುತ್ತಾನೆ. ಅವನ ಪಕ್ಕದ ಕುರ್ಚಿಯಲ್ಲಿ ಅದೇ ಸಂಬಳಕ್ಕೆ ಅದೇ ಕೆಲಸ ಮಾಡುವ ಹುಡುಗ ಬರೀ ಬಿ.ಕಾಂ. ಆ ಮನೆಯಲ್ಲಿ ಒಬ್ಬಳು ಮಗಳೂ ಇದ್ದಾಳೆ. ಬಿ.ಕಾಂ.ನಲ್ಲಿ ಅಣ್ಣನಿಗಿಂತ ಹೆಚ್ಚು ಅಂಕ ತೆಗೆದವಳು. “ಇಬ್ಬರನ್ನೂ ಓದಿಸುವುದು ಎಲ್ಲಿಂದ?” ಎಂದು ಅವಳ ಓದು ಅಲ್ಲಿಗೇ ನಿಂತಿತು. ತಂದೆಯ ಕ್ಯಾಂಟೀನಿನ ಲೆಕ್ಕಪತ್ರ, ಜಿ.ಎಸ್.ಟಿ., ಹಾಲಿನವನ ಬಾಕಿ ಎಲ್ಲವನ್ನೂ ಈಗ ನೋಡಿಕೊಳ್ಳುತ್ತಿರುವವಳು ಅವಳೇ.

ಸೀಟು ಸಿಕ್ಕ ವರ್ಷ ಸಂಘದ ವಾರ್ಷಿಕೋತ್ಸವದಲ್ಲಿ ಆ ಹುಡುಗನಿಗೆ ಶಾಲು ಹೊದೆಸಿದವರು ನಾವು. ಅವನು ಸೇರಿದ ಕಾಲೇಜು ಎಂಥದೆಂದು ಕೇಳದವರೂ ನಾವೇ. ಆದುದರಿಂದ ಈ ಲೇಖನದಲ್ಲಿ ಬೈಗುಳವೇನಾದರೂ ಕಂಡುಬಂದರೆ ಅದರ ಮೊದಲ ಪಾಲು ನಮ್ಮದೆಂದು ವಾಚಕರು ತಿಳಿಯಬೇಕು.

ವಾಣಿಜ್ಯಾಡಳಿತದ ಓದು ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಆ ಓದಿಗೆ ದೊಡ್ಡ ಚರಿತ್ರೆಯಿದೆ. 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದುಗಳಲ್ಲಿ, 1973ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳು ಹುಟ್ಟಿದವು. ಮುಂಬಯಿ ವಿಶ್ವವಿದ್ಯಾಲಯ 1965ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಹಕಾರದಿಂದ ಚರ್ಚ್‌ಗೇಟಿನಲ್ಲಿ ಜಮ್ನಾಲಾಲ್ ಬಜಾಜ್ ಸಂಸ್ಥೆಯನ್ನು ಸ್ಥಾಪಿಸಿತು. ವಿಹಾರ ಸರೋವರದ ಬಳಿ 1963ರಲ್ಲಿ ಆರಂಭವಾದ ನೀಟಿ ಸಂಸ್ಥೆ 2023ರಲ್ಲಿ ಐ.ಐ.ಎಂ. ಮುಂಬಯಿ ಎನಿಸಿತು. ನಮ್ಮವರೇ ಆದ ಟಿ. ಎ. ಪೈ ಅವರು 1980ರಲ್ಲಿ ಮಣಿಪಾಲದಲ್ಲಿ ಸ್ಥಾಪಿಸಿದ ಸಂಸ್ಥೆ ಅವರ ಹೆಸರಿನಲ್ಲೇ ನಡೆಯುತ್ತಿದೆ. ಇಂಥ ಕಡೆ ಸ್ಪರ್ಧಿಸಿ ಸೀಟು ಪಡೆದ ನಮ್ಮ ಮಕ್ಕಳಿದ್ದಾರೆ. ಅವರಿಗೆ ಎರಡು ಶಾಲು ಹೊದೆಸಿದರೂ ತಪ್ಪಿಲ್ಲ.

ಆದರೆ ಹೆಸರು ಗಳಿಸಿದವರು ಒಬ್ಬರು, ಆ ಹೆಸರನ್ನು ಮಾರಿಕೊಳ್ಳುವವರು ಇನ್ನೊಬ್ಬರು. 1983ರಲ್ಲಿ ಮಹಾರಾಷ್ಟ್ರ ಸರಕಾರ ಅನುದಾನವಿಲ್ಲದ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಬಾಗಿಲು ತೆರೆಯಿತು. ಮುಂದೆ ಮ್ಯಾನೇಜ್‌ಮೆಂಟ್ ಕಾಲೇಜುಗಳೂ ಅದೇ ದಾರಿಯಲ್ಲಿ ಬೆಳೆದವು. ಅವುಗಳಲ್ಲಿ ಶ್ರಮಪಟ್ಟು ಕಲಿಸುವ ಒಳ್ಳೆಯವು ನಮ್ಮ ಠಾಣೆಯಲ್ಲೂ ನವಿ ಮುಂಬಯಿಯಲ್ಲೂ ಇವೆ. ಫಲಕವೊಂದನ್ನು ಬಿಟ್ಟರೆ ಬೇರೇನೂ ಇಲ್ಲದವೂ ಇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಇವೆರಡರ ನಡುವಿನ ವ್ಯತ್ಯಾಸ ತಿಳಿಯುವುದು ತಂದೆತಾಯಿಗಳ ಕರ್ತವ್ಯ. ತಿಳಿಸಿಕೊಡುವುದು ಸಂಘಗಳ ಕರ್ತವ್ಯ.

ಕೆಲವು ಮುಖ್ಯ ವಿಷಯಗಳನ್ನಾದರೂ ಇಲ್ಲಿ ಹೇಳುತ್ತೇವೆ. 1956ರ ಯು.ಜಿ.ಸಿ. ಕಾಯಿದೆಯ ಪ್ರಕಾರ ಪದವಿ ಕೊಡುವ ಅಧಿಕಾರ ವಿಶ್ವವಿದ್ಯಾಲಯಗಳಿಗೆ ಮತ್ತು ಕಾನೂನು ಆ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಸ್ವತಂತ್ರ ಸಂಸ್ಥೆಗಳು ಕೊಡುವುದು ಡಿಪ್ಲೊಮಾ. ಡಿಪ್ಲೊಮಾ ಎಂದ ಮಾತ್ರಕ್ಕೆ ಕೀಳೆಂದು ತಿಳಿಯಬಾರದು. 2017ರ ಕಾಯಿದೆ ಬರುವವರೆಗೆ ಐ.ಐ.ಎಂ.ಗಳು ಕೊಡುತ್ತಿದ್ದುದೂ ಡಿಪ್ಲೊಮಾವೇ. ಆದರೆ ಡಿಪ್ಲೊಮಾವನ್ನು ತೋರಿಸಿ ಎಂ.ಬಿ.ಎ. ಎಂದು ಬಾಯಲ್ಲಿ ಹೇಳುವವರ ಮುಂದೆ ಚೆಕ್ಕು ಪುಸ್ತಕ ಬಿಚ್ಚಬಾರದು. ಎ.ಐ.ಸಿ.ಟಿ.ಇ. ಮಾನ್ಯತೆಯ ಪತ್ರವನ್ನು ಕೇಳಿ ನೋಡಬೇಕು. ನಮ್ಮ ರಾಜ್ಯದಲ್ಲಿ ಈ ಪದವಿಗೆ ಸರಕಾರದ ಸಿ.ಇ.ಟಿ. ಪರೀಕ್ಷೆಯಿದೆ, ಅಂಕದ ಮೇಲೆ ಕಾಲೇಜು ಹಂಚುವ ಕೇಂದ್ರೀಯ ವ್ಯವಸ್ಥೆಯಿದೆ. ಅದನ್ನು ಬಿಟ್ಟು “ನೇರ ಪ್ರವೇಶ ಮಾಡಿಸಿಕೊಡುತ್ತೇನೆ” ಎನ್ನುವ ದಲ್ಲಾಳಿಯ ಹಿಂದೆ ಹೋಗುವುದೇಕೆ? ಡೊನೇಶನ್ ವಸೂಲಿಯನ್ನು ಮಹಾರಾಷ್ಟ್ರದ 1987ರ ಕಾಯಿದೆ ನಿಷೇಧಿಸಿದೆ. ಖಾಸಗಿ ವೃತ್ತಿಪರ ಕಾಲೇಜುಗಳ ಶುಲ್ಕ ನಿಗದಿ ಮಾಡಲು 2015ರ ಕಾಯಿದೆಯ ಪ್ರಕಾರ ಒಂದು ಪ್ರಾಧಿಕಾರವೂ ಇದೆ. ರಸೀತಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬಾರದು. ಕೊಟ್ಟ ಮೇಲೆ ಅಳಬಾರದು.

ಇನ್ನು ಲೆಕ್ಕದ ಮಾತು. 10 ಲಕ್ಷ ರೂಪಾಯಿ ಸಾಲವನ್ನು ನೂರಕ್ಕೆ 10ರ ಬಡ್ಡಿಯಲ್ಲಿ ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 13,200 ರೂಪಾಯಿ. ಕೊನೆಗೆ ಕಟ್ಟಿದ್ದು ಒಟ್ಟು ಸುಮಾರು 15 ಲಕ್ಷ 86 ಸಾವಿರ. ಓದುವ ಎರಡು ವರ್ಷಗಳಲ್ಲಿ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಆ ಎರಡು ವರ್ಷ ದುಡಿದಿದ್ದರೆ ಬರಬಹುದಾಗಿದ್ದ ಸಂಬಳವೂ ಸೇರಿಲ್ಲ. ಈ ಕಂತನ್ನು ಕಟ್ಟಿ, ಕಲ್ಯಾಣದಲ್ಲೋ ಐರೋಲಿಯಲ್ಲೋ ಮನೆಬಾಡಿಗೆ ಕೊಟ್ಟು, ತಂದೆಯ ಔಷಧಿಗೂ ಉಳಿಯುವಷ್ಟು ಸಂಬಳದ ಕೆಲಸವನ್ನು ಆ ಕಾಲೇಜಿನಿಂದ ಹೊರಬಿದ್ದವರಲ್ಲಿ ಎಷ್ಟು ಮಂದಿ ಪಡೆದಿದ್ದಾರೆ? ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ. ಉತ್ತರವನ್ನು ಕಾಲೇಜಿನ ಬಣ್ಣದ ಪುಸ್ತಿಕೆಯಲ್ಲಿ ಹುಡುಕಬಾರದು. ಕಳೆದ ವರ್ಷ ಅಲ್ಲಿ ಓದಿ ಮುಗಿಸಿದ ನಾಲ್ಕು ಮಂದಿಯನ್ನು ಮನೆಗೆ ಕರೆದು ಕಾಫಿ ಕೊಟ್ಟು ಕೇಳಬೇಕು.

ನಮ್ಮ ಮನಸ್ಸನ್ನು ಇದಕ್ಕಿಂತಲೂ ಹೆಚ್ಚು ನೋಯಿಸುವ ವಿಷಯ ಇನ್ನೊಂದಿದೆ. ಅದು ನಮ್ಮ ಕಸುಬಿನ ಬಗ್ಗೆ ನಮಗೇ ಹುಟ್ಟಿರುವ ನಾಚಿಕೆ. “ನಾನು ಪಟ್ಟ ಕಷ್ಟ ಮಗ ಪಡಬಾರದು” ಎಂಬ ಮಾತು ಪ್ರೀತಿಯದ್ದು, ಒಪ್ಪಿದೆವು. ಆದರೆ “ಮಗ ಗಲ್ಲೆಯ ಮೇಲೆ ಕೂರಬಾರದು” ಎಂಬುದು ಪ್ರೀತಿಯಲ್ಲ, ಭ್ರಮೆ. ಮಳೆ ಬಂದರೆ ಇಡ್ಲಿಗೆ ಎಷ್ಟು ಅಕ್ಕಿ ಕಡಿಮೆ ನೆನೆಹಾಕಬೇಕು, ಲೋಕಲ್ ನಿಂತರೆ ಎಷ್ಟು ಹಾಲು ಉಳಿಯುತ್ತದೆ, ತುರ್ಭೆಯ ಎ.ಪಿ.ಎಂ.ಸಿ.ಯಲ್ಲಿ ಈರುಳ್ಳಿ ಏರುವ ಸೂಚನೆ ಯಾವಾಗ, ಯಾವ ಗಿರಾಕಿಗೆ ಉಧಾರಿ ಕೊಡಬಹುದು, ಊರಿಗೆ ಹೋದ ಹುಡುಗ ತಿರುಗಿ ಬರುವವನೋ ಅಲ್ಲವೋ—ಇವಿಷ್ಟನ್ನೂ ಬೆಳಗ್ಗೆ ಐದು ಗಂಟೆಗೆ ತಲೆಯಲ್ಲೇ ಲೆಕ್ಕ ಹಾಕುವವನು ಮ್ಯಾನೇಜರ್ ಅಲ್ಲದಿದ್ದರೆ ಮತ್ತ್ಯಾರು ಮ್ಯಾನೇಜರ್?

ಅಡುಗೆಮನೆಯ ಕೆಲಸದಿಂದ ಮೇಲೆ ಬಂದ ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದರು. ಬಾಳೆಲೆಯ ಊಟಕ್ಕಾಗಿ ಜನ ಇಂದಿಗೂ ಅಲ್ಲಿ ಸರದಿ ನಿಲ್ಲುತ್ತಾರೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯನ್ನು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಸಂಗ್ರಹಿಸುವ ಆ ಉಪಾಯವನ್ನು ಯಾವ ಪರದೇಶದ ಪುಸ್ತಕವೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು; ಉಪಾಯದ ಹಿಂದಿದ್ದ ಬುದ್ಧಿಯೂ ನಮ್ಮಿಂದ ಹೋಗಬೇಕೇ? ಆ ಬ್ಯಾಂಕನ್ನು ಬೆಳೆಸಿದ ಟಿ. ಎ. ಪೈ ಅವರು ಕೊನೆಗೆ ಮ್ಯಾನೇಜ್‌ಮೆಂಟ್ ಸಂಸ್ಥೆಯನ್ನು ಕಟ್ಟಿದರು. ಕಸುಬು ಮೊದಲು, ಶಾಸ್ತ್ರ ಆಮೇಲೆ. ನಾವು ಶಾಸ್ತ್ರ ಕೊಳ್ಳಲು ಕಸುಬನ್ನೇ ಮಾರುತ್ತಿದ್ದೇವೆ.

“ಹಾಗಾದರೆ ನಮ್ಮ ಮಕ್ಕಳು ಕಪ್ಪುಬಸಿ ತೊಳೆಯುತ್ತ ಇರಬೇಕೇ? ಇಂದು ಎಂ.ಬಿ.ಎ. ಇಲ್ಲದೆ ಬಡ್ತಿ ಎಲ್ಲಿದೆ?” ಎಂದು ಕೆಲವರು ಕೆರಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಅನೇಕ ಕಂಪೆನಿಗಳಲ್ಲಿ ಮೇಲಿನ ಮೆಟ್ಟಿಲಿಗೆ ಈ ಪದವಿ ಬೇಕೆಂಬುದು ನಿಜ. ಆದರೆ ಅದು ಮೇಲಿನ ಮೆಟ್ಟಿಲಿಗೆ. ಕೆಳಗಿನ ಮೆಟ್ಟಿಲನ್ನೇ ಹತ್ತದವನಿಗೆ ಅದರಿಂದೇನು ಪ್ರಯೋಜನ? ಎರಡು ಮೂರು ವರ್ಷ ಎಲ್ಲಿಯಾದರೂ ಕೆಲಸ ಮಾಡಲಿ. ನ್ಹಾವಾ ಶೇವಾ ಬಂದರಿನ ಸರಕು ಸಾಗಣೆಯಲ್ಲಿ, ಭಿವಂಡಿಯ ಗೋದಾಮುಗಳಲ್ಲಿ, ಡೊಂಬಿವಲಿಯ ಕಾರ್ಖಾನೆಗಳಲ್ಲಿ, ತಂದೆಯ ಹೊಟೇಲಿನಲ್ಲಿಯೇ ಆಗಲಿ. ಸರಕೆಂದರೇನು, ಸಾಲವೆಂದರೇನು, ಗಿರಾಕಿಯ ಸಿಟ್ಟೆಂದರೇನು ಎಂದು ತಿಳಿದ ಮೇಲೆ ಓದಿದರೆ ಪಾಠ ತಲೆಗೆ ಹತ್ತುತ್ತದೆ. ಸಂದರ್ಶನದಲ್ಲಿ ಹೇಳಲು ಬಾಯಲ್ಲಿ ಮಾತೂ ಇರುತ್ತದೆ. ಕೆಲಸ ಬಿಡದೆ ಓದಲು 1985ರಲ್ಲಿ ಸ್ಥಾಪನೆಯಾದ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯದ ಎಂ.ಬಿ.ಎ. ಇದೆ. ಆಫೀಸು ಮುಗಿಸಿ ಸಂಜೆಯ ತರಗತಿಗಳಲ್ಲಿ ಕೂತು, ಕೊನೆಯ ಡೊಂಬಿವಲಿ ಗಾಡಿ ಹಿಡಿದು ಮನೆಗೆ ಬಂದು ಸ್ನಾತಕೋತ್ತರ ಪದವಿ ಪಡೆದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಇದು ನಮಗೆ ಹೊಸ ದಾರಿಯೂ ಅಲ್ಲ. ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ತೂಕಡಿಸುತ್ತ ಓದಿ ಮೇಲೆ ಬಂದ ತಲೆಮಾರಿನ ಮಕ್ಕಳು ಮೊಮ್ಮಕ್ಕಳು ನಾವು.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಮಾಡುತ್ತಿರುವ ಅನ್ಯಾಯವನ್ನು ಮುಚ್ಚಿಟ್ಟು ಈ ಲೇಖನ ಮುಗಿಸುವಂತಿಲ್ಲ. ಮಗನ ಓದಿಗೆ ಗದ್ದೆ ಮಾರುವ ಕೈ ಮಗಳ ಓದಿಗೆ ಅರ್ಜಿ ತುಂಬಲೂ ಹಿಂದೆ ಸರಿಯುತ್ತದೆ. ಅವಳಿಗಾಗಿ ತೆಗೆದಿಟ್ಟದ್ದೇನಿದ್ದರೂ ಮದುವೆಯ ಹಾಲಿಗೆ, ಮುಹೂರ್ತದ ಊಟಕ್ಕೆ. ಮೇಲೆ ಹೇಳಿದ ಮನೆಯಲ್ಲಿ ಹಣ ಒಬ್ಬರಿಗೆ ಮಾತ್ರ ಸಾಲುವಷ್ಟಿತ್ತು ಎಂದೇ ಇಟ್ಟುಕೊಳ್ಳೋಣ. ಅಂಕ ನೋಡಿ ನಿರ್ಧರಿಸಿದ್ದರೆ ಯಾರು ಓದಬೇಕಾಗಿತ್ತು? ಕಳೆದ ದೀಪಾವಳಿಗೆ ಅವರ ಮನೆಗೆ ಹೋಗಿದ್ದಾಗ ಆ ಹುಡುಗಿ ನಮಗೆ ಚಾ ಕೊಟ್ಟು, “ನಿಮ್ಮ ಪತ್ರಿಕೆಯಲ್ಲಿ ಅಣ್ಣನ ಫೋಟೋ ಬಂದ ಸಂಚಿಕೆ ಅಮ್ಮ ಇನ್ನೂ ಜೋಪಾನ ಮಾಡಿಟ್ಟಿದ್ದಾರೆ” ಎಂದಳು. ವ್ಯಂಗ್ಯವಾಗಿ ಹೇಳಿದ್ದಲ್ಲ. ಅದೇ ನಮ್ಮನ್ನು ಹೆಚ್ಚು ಚುಚ್ಚಿತು.

ಆದುದರಿಂದ ಸಂಘದ ಹಿರಿಯರಲ್ಲಿ, ದಾನಿಗಳಲ್ಲಿ ನಮ್ಮ ವಿನಂತಿ ಇಷ್ಟೆ. ಪ್ರತಿಭಾ ಪುರಸ್ಕಾರದ ಸಭೆಯಲ್ಲಿ ಶಾಲು, ಹಾರ, ಭಾಷಣ ಸಾಕು. ಆ ಖರ್ಚಿನ ಅರ್ಧದಲ್ಲಿ ಪ್ರತಿವರ್ಷ ಸಿ.ಇ.ಟಿ.ಗೆ ಮೊದಲು ಠಾಣೆ, ಡೊಂಬಿವಲಿ, ಕಲ್ಯಾಣ, ವಾಶಿಗಳಲ್ಲಿ ಒಂದೊಂದು ಭಾನುವಾರ ಮಾರ್ಗದರ್ಶನ ಶಿಬಿರ ನಡೆಸೋಣ. ಬ್ಯಾಂಕುಗಳಿಂದ ನಿವೃತ್ತರಾದ ನಮ್ಮವರು ಸಾಲದ ನಿಯಮಗಳನ್ನು ತಿಳಿಸಲಿ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಒತ್ತೆ ಬೇಕಿಲ್ಲ ಎಂಬುದೂ ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಈ ಓದು ಮುಗಿಸಿ ಕೆಲಸದಲ್ಲಿರುವ ತರುಣ ತರುಣಿಯರು ಬಂದು ಯಾವ ಕಾಲೇಜು ಹೇಗೆಂದು ಮುಚ್ಚುಮರೆಯಿಲ್ಲದೆ ಹೇಳಲಿ. ಸಂಘದ ವಿದ್ಯಾನಿಧಿಯಿಂದ ಕೊಡುವ ಹಣ ಬಡ್ಡಿಯಿಲ್ಲದ ಸಾಲವಾಗಲಿ, ದುಡಿಯತೊಡಗಿದ ಮೇಲೆ ಮರಳಿ ಬಂದು ಇನ್ನೊಬ್ಬರಿಗೆ ಸಲ್ಲಲಿ. ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ ಮೀಸಲಾಗಿರಲಿ.

ಇದೇನು ನಮ್ಮ ಕೈಲಾಗದ ಕೆಲಸವಲ್ಲ. ಡೊಂಬಿವಲಿಯಲ್ಲಿ ಮಂಜುನಾಥ ವಿದ್ಯಾಲಯವನ್ನು ಕಟ್ಟಿ ಬೆಳೆಸಿದವರು ದುಡಿದು ಉಣ್ಣುವ ನಮ್ಮಂಥ ಕನ್ನಡಿಗರೇ. ಕುರ್ಲಾದಲ್ಲಿ ಬಂಟರ ಸಂಘ ಮ್ಯಾನೇಜ್‌ಮೆಂಟ್ ಸಂಸ್ಥೆಯನ್ನೇ ನಡೆಸುತ್ತಿದೆ. ಕಟ್ಟಡ ಕಟ್ಟಿದ ಸಮಾಜಕ್ಕೆ ನಾಲ್ಕು ಭಾನುವಾರಗಳನ್ನು ಹೊಂದಿಸುವುದು ಭಾರವೇ?

ಮಾಯಾಮೃಗ ಹೊನ್ನಿನದಲ್ಲವೆಂದು ಲಕ್ಷ್ಮಣ ಮೊದಲೇ ಎಚ್ಚರಿಸಿದ್ದ. ಕೇಳುವವರಿರಲಿಲ್ಲ. ನಮ್ಮ ಎಚ್ಚರಿಕೆಯನ್ನೂ ಯಾರೂ ಕೇಳದಿರಬಹುದು. ಆದರೆ ಮುಂದಿನ ಜೂನ್ ತಿಂಗಳಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದು ಸಂಘದ ಕಚೇರಿಗೆ ಬರುವ ಪ್ರತಿಯೊಬ್ಬರಿಗೂ ಕುರ್ಚಿ ಕೊಟ್ಟು, ಚಾ ತರಿಸಿ, ಮೂರು ಪ್ರಶ್ನೆ ಕೇಳಿಯೇ ಕೇಳುತ್ತೇವೆ: ಯಾವ ಕಾಲೇಜು? ಅಲ್ಲಿ ಓದಿದವರು ಈಗ ಎಲ್ಲಿದ್ದಾರೆ? ಮನೆಯಲ್ಲಿ ಮಗಳು ಏನು ಓದುತ್ತಿದ್ದಾಳೆ?

ಉತ್ತರ ಬರುವವರೆಗೆ ಶಾಲು ಕಪಾಟಿನಲ್ಲೇ ಇರುತ್ತದೆ.