ಬೆಟ್ಟದ ಮೇಲೆ ರೇಡಿಯೋ ಹಿಡಿದವರು ಪುಸ್ತಕದಲ್ಲಿ ಬರೆಯುವುದೇನು?

ಬೆಟ್ಟದ ತುದಿಯಲ್ಲಿ ಒಬ್ಬರು ಮರಕ್ಕೆ ತಂತಿ ಕಟ್ಟಿ ಕೂತಿದ್ದಾರೆ. ಪಕ್ಕದಲ್ಲಿ ಬ್ಯಾಟರಿ, ಸಣ್ಣದೊಂದು ರೇಡಿಯೋ. ಮೈಕ್ ಹಿಡಿದು "ವಿಕ್ಟರ್ ಯೂನಿಫಾರ್ಮ್ ಟೂ..." ಎನ್ನುತ್ತಾರೆ, ಪುಸ್ತಕದಲ್ಲಿ ಏನನ್ನೋ ಬರೆದುಕೊಳ್ಳುತ್ತಾರೆ. ನೋಡಿದವರಿಗೆ ಅನುಮಾನ ಬರುವುದು ಸಹಜ. "ಇವರು ಗೂಢಚಾರರಿರಬಹುದು, ಎಲ್ಲರಿಗೂ ತಿಳಿಸಿ" ಎಂದು ಫೋಟೋ ಸಮೇತ ವಾಟ್ಸಾಪ್‌ಗೆ ಹಾಕಲು ಒಂದು ನಿಮಿಷ ಸಾಕು. ಆದರೆ ಆ ಪುಸ್ತಕದಲ್ಲಿ ಏನಿದೆ ಎಂದು ಗೊತ್ತಾದರೆ ಫಾರ್ವರ್ಡ್ ಮಾಡುವ ಅಗತ್ಯವೇ ಬೀಳುವುದಿಲ್ಲ.

ಇದು ಕಾನೂನುಬದ್ಧವೇ?

ಹೌದು, ಪರವಾನಗಿ ಇದ್ದರೆ. ಹವ್ಯಾಸಕ್ಕಾಗಿ ರೇಡಿಯೋ ಸಂಪರ್ಕ ನಡೆಸುವವರನ್ನು ಹ್ಯಾಮ್ ಎನ್ನುತ್ತಾರೆ. ಭಾರತದಲ್ಲಿ 12 ವರ್ಷ ತುಂಬಿದವರು ಇದರ ಪರೀಕ್ಷೆ ಬರೆಯಬಹುದು. ಪಾಸಾಗಿ ಕೇಂದ್ರ ಸರ್ಕಾರದಿಂದ ಪರವಾನಗಿ ಪಡೆದವರಿಗೆ ವಿಯು2 ಅಥವಾ ವಿಯು3 ಎಂದು ಶುರುವಾಗುವ ಕಾಲ್ ಸೈನ್ ಸಿಗುತ್ತದೆ. ವಾಹನಕ್ಕೆ ನಂಬರ್ ಪ್ಲೇಟ್ ಇದ್ದಂತೆ, ಒಂದು ಕಾಲ್ ಸೈನ್ ಒಬ್ಬರಿಗೇ.

"ವಿಕ್ಟರ್, ಯೂನಿಫಾರ್ಮ್" ಗುಪ್ತ ಭಾಷೆಯಲ್ಲ. ಗದ್ದಲದಲ್ಲಿ ಬಿ, ಡಿ, ಪಿ, ಟಿ ಎಲ್ಲವೂ ಒಂದೇ ರೀತಿ ಕೇಳುತ್ತವೆ. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಪದ ಗೊತ್ತು ಮಾಡಲಾಗಿದೆ: ವಿ ಅಂದರೆ ವಿಕ್ಟರ್, ಯು ಅಂದರೆ ಯೂನಿಫಾರ್ಮ್. ಅರ್ಥ ಮುಚ್ಚಿಡುವ ಸಂಕೇತಗಳಲ್ಲಿ ಹ್ಯಾಮ್‌ಗಳು ಪರಸ್ಪರ ಮಾತಾಡುವುದನ್ನು ಅಂತರರಾಷ್ಟ್ರೀಯ ನಿಯಮಗಳೇ ತಡೆದಿವೆ. ಸೂಕ್ತ ರೇಡಿಯೋ ಇರುವ ಯಾರು ಬೇಕಾದರೂ ಅವರ ಮಾತನ್ನು ಕೇಳಬಹುದು.

ಪುಸ್ತಕದಲ್ಲಿ ಏನಿರುತ್ತದೆ?

ಅದರ ಹೆಸರು ಲಾಗ್ ಬುಕ್. ಭಾರತದ 1978ರ ಹವ್ಯಾಸಿ ರೇಡಿಯೋ ನಿಯಮಗಳಲ್ಲೇ ಇದನ್ನು ಇಡಬೇಕು ಎಂದಿದೆ. ಒಂದು ಸಂಪರ್ಕಕ್ಕೆ ಒಂದು ಸಾಲು: ದಿನಾಂಕ, ಸಮಯ, ಫ್ರೀಕ್ವೆನ್ಸಿ, ಮಾತೋ ಮೋರ್ಸೋ ಎಂಬ ವಿಧಾನ, ಆ ಕಡೆಯವರ ಕಾಲ್ ಸೈನ್, ಸಿಗ್ನಲ್ ಎಷ್ಟು ಚೆನ್ನಾಗಿತ್ತು ಎಂಬ ಅಂಕಿ. ಮಾತಿನ ಸಂಪರ್ಕದಲ್ಲಿ "59" ಎಂದರೆ ಸ್ಪಷ್ಟತೆ 5ಕ್ಕೆ 5, ಜೋರು 9ಕ್ಕೆ 9. ಮನೆಯಿಂದ ಹೊರಗೆ ಹೋದಾಗ ತಾವು ಎಲ್ಲಿ ಕೂತಿದ್ದೇವೆ ಎಂಬುದನ್ನೂ ಬರೆದುಕೊಳ್ಳುತ್ತಾರೆ.

ಸಮಯವನ್ನು ಸಾಮಾನ್ಯವಾಗಿ ಯುಟಿಸಿಯಲ್ಲಿ ಬರೆಯುತ್ತಾರೆ. ಯುಟಿಸಿ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಇಲ್ಲಿ ಜನವರಿ 1ರ ಬೆಳಗಿನ 5 ಗಂಟೆ ಎಂದರೆ ಯುಟಿಸಿಯಲ್ಲಿ ಡಿಸೆಂಬರ್ 31ರ ರಾತ್ರಿ 11.30. ದಿನ ಮಾತ್ರವಲ್ಲ, ವರ್ಷವೇ ಬೇರೆ!

ಒಬ್ಬರೇ ಬರೆದರೆ ಸಾಕೇ?

ಸಾಲದು. ಅಮೆರಿಕದ ಹ್ಯಾಮ್ ಸಂಸ್ಥೆ ಎಆರ್‌ಆರ್‌ಎಲ್ ನಡೆಸುವ 'ಲಾಗ್‌ಬುಕ್ ಆಫ್ ದ ವರ್ಲ್ಡ್' ವ್ಯವಸ್ಥೆಗೆ ಎರಡೂ ಕಡೆಯವರು ತಮ್ಮ ಲಾಗ್ ಕಳಿಸುತ್ತಾರೆ. ಕಾಲ್ ಸೈನ್, ಬ್ಯಾಂಡ್, ವಿಧಾನ ಹೊಂದಬೇಕು. ಸಮಯದಲ್ಲಿ 30 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಆಗ ಮಾತ್ರ ಸಂಪರ್ಕ ಖಚಿತವಾಯಿತು ಎಂದರ್ಥ. 2002ರಲ್ಲಿ ಬ್ರಿಟನ್‌ನಲ್ಲಿ ಶುರುವಾದ 'ಸಮಿಟ್ಸ್ ಆನ್ ದ ಏರ್' ಎಂಬ ಚಟುವಟಿಕೆಯಲ್ಲಿ ಬೆಟ್ಟ ಹತ್ತಿದವರಿಗೆ ಅಂಕ ಸಿಗಲು ಕನಿಷ್ಠ 4 ಸಂಪರ್ಕ ಬೇಕು. ಅದರಲ್ಲಿ ಒಂದು ಕಾಲ್ ಸೈನ್ ತಪ್ಪಾಗಿ ಬರೆದಿದ್ದರೂ ಹತ್ತಿದ ಬೆಟ್ಟದ ಅಂಕ ಕೈತಪ್ಪಬಹುದು.

ಹೊರಗೆ ಈ ತಪ್ಪು ಸುಲಭ. ಗಾಳಿಗೆ ಹಾಳೆ ಹಾರುತ್ತದೆ, ಬಿಸಿಲಿಗೆ ಮೊಬೈಲ್ ಪರದೆ ಕಾಣುವುದಿಲ್ಲ, ಬ್ಯಾಟರಿ ಮುಗಿಯುತ್ತದೆ. ಆ್ಯಪ್‌ನಲ್ಲಿ ಲಾಗ್ ಮಾಡುವವರೂ ಜೊತೆಗೊಂದು ಪೆನ್ಸಿಲ್, ಪುಸ್ತಕ ಇಟ್ಟುಕೊಳ್ಳುವುದು ಒಳ್ಳೆಯದು. ಇಂಕಿನ ಹಾಗೆ ಪೆನ್ಸಿಲ್ ಬರಹ ನೀರಿಗೆ ಹರಡುವುದಿಲ್ಲ. ಅರ್ಧ ಕೇಳಿದ ಕಾಲ್ ಸೈನನ್ನು ಊಹಿಸಿ ತುಂಬಬಾರದು, ಮತ್ತೆ ಕೇಳಬೇಕು. "ಆಮೇಲೆ ಬರೆದರಾಯಿತು" ಎನ್ನದೆ ಆಗಲೇ ಬರೆಯಬೇಕು.

ಇಷ್ಟೆಲ್ಲ ಶಿಸ್ತು ಯಾಕೆ?

2004ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ತಂಡ ಭಾರತಿ ಪ್ರಸಾದ್ ಅವರ ನೇತೃತ್ವದಲ್ಲಿ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. ಅಂಡಮಾನ್‌ನಿಂದ ಜಗತ್ತಿನ ಹ್ಯಾಮ್‌ಗಳನ್ನು ಸಂಪರ್ಕಿಸಿ ಲಾಗ್ ತುಂಬಿಸುವುದು ಅವರ ಉದ್ದೇಶ. ಡಿಸೆಂಬರ್ 26ರಂದು ಸುನಾಮಿ ಬಂತು. ಅದೇ ರೇಡಿಯೋಗಳು ತುರ್ತು ಸಂಪರ್ಕಕ್ಕೆ ನಿಂತವು; ದ್ವೀಪದಲ್ಲಿದ್ದವರ ಸುದ್ದಿ ಅವುಗಳ ಮೂಲಕ ಹೊರಗಿನ ಬಂಧುಗಳಿಗೆ ತಲುಪಿತು.

ಅಂಥ ಹೊತ್ತಿನಲ್ಲಿ "ಇಂಥವರು ಕ್ಷೇಮ" ಎಂಬ ಒಂದು ಸಾಲಿಗೆ ಎಷ್ಟು ಬೆಲೆ ಎಂದು ಯೋಚಿಸಿ. ಹೆಸರು ತಪ್ಪಾದರೆ ಯಾವುದೋ ಮನೆಯಲ್ಲಿ ಸುಳ್ಳು ಸಮಾಧಾನ, ಇನ್ನೊಂದು ಮನೆಯಲ್ಲಿ ಸುಳ್ಳು ಆತಂಕ. ಸುದ್ದಿ ಯಾರಿಂದ ಬಂತು, ಎಷ್ಟು ಗಂಟೆಗೆ, ಯಾರಿಗೆ ತಲುಪಿಸಿದೆವು ಎಂದು ಬರೆದಿಟ್ಟಿದ್ದರೆ ತಪ್ಪನ್ನು ಹಿಂದಕ್ಕೆ ಹುಡುಕಿಕೊಂಡು ಹೋಗಿ ಸರಿಪಡಿಸಬಹುದು. ಬಿಡುವಿನ ದಿನ ಬೆಟ್ಟದ ಮೇಲೆ ರೂಢಿಯಾದ ಈ ಬರವಣಿಗೆ ಆಪತ್ತಿನಲ್ಲಿ ಕೈಹಿಡಿಯುತ್ತದೆ.

ನಮ್ಮ ಫೋನಿಗೆ ಬರುವ ಫಾರ್ವರ್ಡ್‌ಗಳಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಇದೇ. ಪ್ರವಾಹ, ಭೂಕುಸಿತದ ಹೊತ್ತಿನಲ್ಲಿ "ಅಲ್ಲಿ ಹೀಗಾಗಿದೆ" ಎಂಬ ಸಂದೇಶ ಬಂದರೆ ಲಾಗ್ ಬುಕ್ಕಿನ ಪ್ರಶ್ನೆಗಳನ್ನೇ ಕೇಳಿ: ಹೇಳಿದವರು ಯಾರು? ಎಲ್ಲಿಂದ? ಯಾವ ದಿನ, ಎಷ್ಟು ಗಂಟೆಗೆ? ಇನ್ನೊಬ್ಬರು ಖಚಿತಪಡಿಸಿದ್ದಾರೆಯೇ? ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ.